ಎಪ್ಪತ್ತು ದಾಟಿದವರ ಕಾರ್ಡು: ಆಸ್ಪತ್ರೆ ಖರ್ಚು ಇಳಿಯುತ್ತದಾ, ಏರುತ್ತದಾ?

ಪ್ರಶ್ನೆ: ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಪ್ಪನಿಗೆ 78, ಅಮ್ಮನಿಗೆ 73. ಸ್ವಲ್ಪ ಅಡಿಕೆ ತೋಟ ಇದೆ, ರೇಷನ್ ಕಾರ್ಡು ಬಿಳಿಯದ್ದು, ಅಂದರೆ ಬಡವರ ಪಟ್ಟಿಯಲ್ಲಿ ನಾವಿಲ್ಲ. ಕಳೆದ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಬಿಲ್ಲು ಮೂರು ಲಕ್ಷದ ಹತ್ತಿರ ಬಂತು. ಅಪ್ಪನ ಹೆಸರಲ್ಲಿ ಮಾತ್ರ ಒಂದು ಹಳೆಯ ಖಾಸಗಿ ಪಾಲಿಸಿ ಇದೆ. ಅದರ ಪ್ರೀಮಿಯಂ ಏರಿ ಏರಿ ಈಗ 50 ಸಾವಿರ ದಾಟಿದೆ. 70 ದಾಟಿದವರಿಗೆಲ್ಲ ಈಗ 5 ಲಕ್ಷದ ಸರಕಾರಿ ಕಾರ್ಡು ಇದೆ ಅಂತಾರೆ. ಆದರೆ ಭಾವ ಹೇಳುತ್ತಾರೆ, "ಸರಕಾರ ದುಡ್ಡು ಕೊಡ್ತದೆ ಅಂತ ಗೊತ್ತಾದ್ರೆ ಆಸ್ಪತ್ರೆಯವರು ಇನ್ನೂ ಜಾಸ್ತಿ ಹಾಕ್ತಾರೆ, ಖರ್ಚು ಎಲ್ಲಿ ಕಡಿಮೆಯಾಗ್ತದೆ?" ತಂಗಿ ಅಮೆರಿಕದಲ್ಲಿದ್ದಾಳೆ. ಅಲ್ಲಿ ಮುದುಕರಿಗೆ ಮೆಡಿಕೇರ್ ಅನ್ನುವ ಸರಕಾರಿ ಆರೋಗ್ಯ ವಿಮೆ ಇದೆ, ಸರಕಾರವೇ ದರ ನಿಗದಿ ಮಾಡುತ್ತದೆ ಅಂತಾಳೆ. ಯಾರು ಹೇಳುವುದು ಸರಿ? ಹಳೆಯ ಪಾಲಿಸಿ ಬಿಟ್ಟುಬಿಡಬಹುದಾ?

ಉತ್ತರ: ಭಾವ ಹೇಳಿದ್ದು ಸುಮ್ನೆ ಮಾತಲ್ಲ. ತಂಗಿ ಹೊಗಳುವ ಆ ಮೆಡಿಕೇರಿನಲ್ಲೇ ಮೊದಲ ಹದಿನೇಳು ವರ್ಷ ಹೆಚ್ಚುಕಡಿಮೆ ಹಾಗೇ ನಡೆದಿತ್ತು.

ಮೆಡಿಕೇರ್ ಕಾಯಿದೆಗೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಜುಲೈ 30ರಂದು. ಮರುವರ್ಷ ಜುಲೈ 1ರಿಂದ ಅದು ಶುರುವಾಯಿತು. ಆಗ 65 ದಾಟಿದವರಿಗೆ ಖಾಸಗಿ ಕಂಪನಿಗಳು ವಿಮೆ ಕೊಡುವುದೇ ಕಷ್ಟವಾಗಿತ್ತು. ಕೊಟ್ಟರೂ ಕಂತು ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಯೋಜನೆ ಬೇಕೇ ಬೇಕಿತ್ತು. ಆದರೆ ಆಸ್ಪತ್ರೆಗಳ ವಿರೋಧ ತಪ್ಪಿಸಲು ಸರಕಾರ ಒಂದು ರಾಜಿ ಮಾಡಿಕೊಂಡಿತು. ಎಷ್ಟು ಖರ್ಚಾಯಿತು ಅಂತ ಆಸ್ಪತ್ರೆ ಲೆಕ್ಕ ಕೊಟ್ಟರೆ, ಅದು ಸಮಂಜಸ ಅನಿಸಿದರೆ ಅಷ್ಟನ್ನೂ ಕೊಡುವುದು. ಆಮೇಲೇನಾಗುತ್ತದೆ ಹೇಳಿ? ರೋಗಿ ಒಂದು ದಿನ ಹೆಚ್ಚು ಮಲಗಿದರೆ ಆಸ್ಪತ್ರೆಗೆ ಒಂದು ದಿನದ ದುಡ್ಡು ಹೆಚ್ಚು. ಇನ್ನೊಂದು ಪರೀಕ್ಷೆ ಮಾಡಿದರೆ ಅದಕ್ಕೂ ದುಡ್ಡು. ಕಡಿಮೆ ಖರ್ಚಿನಲ್ಲಿ ಗುಣಪಡಿಸಿದವನಿಗೆ ಸಿಗುವುದು ಕಡಿಮೆ ಹಣ. ಖರ್ಚು ಏರದೆ ಇನ್ನೇನಾಗುತ್ತದೆ!

ಬದಲಾವಣೆ ಬಂದದ್ದು 1983ರಲ್ಲಿ. ಕಾಯಿಲೆಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೂ ಮೊದಲೇ ಒಂದು ದರ ಕಟ್ಟಿದರು. ಸೊಂಟದ ಮೂಳೆಯ ಆಪರೇಶನ್‌ಗೆ ಇಷ್ಟು, ನ್ಯುಮೋನಿಯಾಕ್ಕೆ ಇಷ್ಟು. ರೋಗಿ ನಾಲ್ಕು ದಿನ ಇರಲಿ, ಹತ್ತು ದಿನ ಇರಲಿ, ಸಾಮಾನ್ಯವಾಗಿ ಸಿಗುವುದು ಅಷ್ಟೇ. ಕೂಡಲೇ ಆಸ್ಪತ್ರೆವಾಸದ ದಿನಗಳು ಕಡಿಮೆಯಾದವು. ಅದರ ಜೊತೆಗೇ ಹೊಸ ದೂರು ಬಂತು. ಮುದುಕರನ್ನು ಅರ್ಧ ಗುಣವಾಗುವ ಮೊದಲೇ ಮನೆಗೆ ಕಳಿಸುತ್ತಾರೆ ಅಂತ. ಅದಕ್ಕೂ ಮದ್ದು ಹುಡುಕಬೇಕಾಯಿತು. 2012ರಿಂದ, ಕೆಲವು ಕಾಯಿಲೆಗಳಲ್ಲಿ ಮನೆಗೆ ಹೋದವರು 30 ದಿನದೊಳಗೆ ಮತ್ತೆ ದಾಖಲಾಗುವುದು ಮಿತಿಮೀರಿದರೆ ಆಸ್ಪತ್ರೆಯ ಹಣಕ್ಕೆ ಕತ್ತರಿ ಬೀಳುತ್ತದೆ.

ಔಷಧದ ವಿಷಯದಲ್ಲಿ ಅವರು ಇನ್ನೂ ನಿಧಾನ. 2003ರ ಕಾನೂನು ಮೆಡಿಕೇರಿಗೆ ಔಷಧ ವಿಮೆ ಸೇರಿಸಿತು. ಆದರೆ ಕಂಪನಿಗಳ ಜೊತೆ ಸರಕಾರ ಚೌಕಾಸಿ ಮಾಡಬಾರದು ಅಂತಲೂ ಅದರಲ್ಲೇ ಬರೆದಿತ್ತು! ಕೋಟಿಗಟ್ಟಲೆ ಜನರಿಗೆ ಮಾತ್ರೆ ಕೊಳ್ಳುವ ಸರಕಾರಕ್ಕೆ ದರ ಕೇಳುವ ಹಕ್ಕಿಲ್ಲ ಅಂದರೆ ಹೇಗೆ? 2022ರ ಕಾನೂನು ಅದನ್ನು ಸರಿಪಡಿಸಿತು. ಚೌಕಾಸಿ ಮಾಡಿ ಇಳಿಸಿದ ಮೊದಲ 10 ಔಷಧಗಳ ದರ 2026ರ ಜನವರಿ 1ರಿಂದ ಜಾರಿಗೆ ಬಂತು. ಅಂದರೆ ಯೋಜನೆ ಶುರುವಾಗಿ ಸುಮಾರು ಅರವತ್ತು ವರ್ಷದ ಮೇಲೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ವಿಮೆ ಅನ್ನುವುದು ಖರ್ಚನ್ನು ಇಳಿಸುವುದಿಲ್ಲ, ಹಂಚುತ್ತದೆ. ಇಳಿಸುವುದು ದರ ಕಟ್ಟುವ ಕೈ. ಆ ಕೈ ಸಡಿಲಾದ ಕಡೆಯಲ್ಲೆಲ್ಲ ನಿಮ್ಮ ಭಾವನ ಮಾತು ನಿಜವಾಗಿದೆ.

ನಮ್ಮ ಯೋಜನೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆಯೇ ಹುಟ್ಟಿತು ಅನ್ನಬೇಕು. ನೀವು ಕೇಳಿದ ಕಾರ್ಡು ಬರುವ ಕೇಂದ್ರದ ಯೋಜನೆ, ಆಯುಷ್ಮಾನ್ ಭಾರತ್, 2018ರ ಸೆಪ್ಟೆಂಬರಿನಲ್ಲಿ ಶುರುವಾದಾಗಲೇ ಪ್ಯಾಕೇಜ್ ದರ ಇತ್ತು. ಚಿಕಿತ್ಸೆಗೆ ಇಂತಿಷ್ಟು ಅಂತ ಮೊದಲೇ ನಿಗದಿ. ಅದರೊಳಗೆ ಹಾಸಿಗೆ, ಡಾಕ್ಟರ್ ಫೀಸು, ಔಷಧ, ಊಟ ಎಲ್ಲ ಬರಬೇಕು. ದಾಖಲಾಗುವ ಮೊದಲ 3 ದಿನದ ಪರೀಕ್ಷೆ, ಬಿಡುಗಡೆಯಾದ ಮೇಲಿನ 15 ದಿನದ ಔಷಧ ಕೂಡ. ರೋಗಿಯ ಕೈಯಿಂದ ಮೇಲೆ ಹಣ ಕೇಳುವ ಹಾಗಿಲ್ಲ. ದೊಡ್ಡ ಚಿಕಿತ್ಸೆಗೆ ಮೊದಲು ಅನುಮತಿ ಪಡೆಯಬೇಕು. ಒಂದೇ ಸಲ ಎರಡು ಮೂರು ಆಪರೇಶನ್ ಮಾಡಿದರೆ ಮೊದಲನೆಯದಕ್ಕೆ ಪೂರ್ತಿ ದರ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ಹೊಟ್ಟೆ ಕೊಯ್ದದ್ದು ಒಂದೇ ಸಲ ಅಲ್ವಾ, ಮೂರು ಸಲದ ಬಿಲ್ಲು ಯಾಕೆ ಅನ್ನುವ ಲೆಕ್ಕ ಅದು.

ಈ ಬಿಗಿ ಸುಮ್ಮನೆ ಬಂದದ್ದಲ್ಲ. ಇದಕ್ಕೆ ಮೊದಲು 2008ರಿಂದ ಬಡ ಕುಟುಂಬಗಳಿಗೆ 30 ಸಾವಿರದ ವಿಮೆ ಇತ್ತು. ಅದು ನಡೆಯುತ್ತಿದ್ದಾಗ ಛತ್ತೀಸಗಢದಂಥ ಕಡೆ ಅಗತ್ಯವಿಲ್ಲದ ಹೆಂಗಸರಿಗೂ ಗರ್ಭಕೋಶ ತೆಗೆದ ಸುದ್ದಿಗಳು ಬಂದವು. ಕಾರ್ಡಿನಲ್ಲಿ ದುಡ್ಡಿದೆ ಅಂತ ಹೊಟ್ಟೆಗೆ ಕತ್ತರಿ. ಈಗಲೂ ಕಳ್ಳಲೆಕ್ಕ ಪೂರ್ತಿ ನಿಂತಿಲ್ಲ. ಸರಕಾರದ ಲೆಕ್ಕ ತಪಾಸಿಸುವ ಮಹಾಲೇಖಪಾಲರ (ಸಿಎಜಿ) 2023ರ ವರದಿಯಲ್ಲಿ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರು ಜೋಡಿಸಿದ್ದು ಪತ್ತೆಯಾಯಿತು. ತೀರಿಹೋದವರ ಹೆಸರಲ್ಲಿ ಚಿಕಿತ್ಸೆ ತೋರಿಸಿದ್ದೂ ಸಿಕ್ಕಿತು.

ದರ ಕಟ್ಟುವುದರ ಬಲ ನೋಡಬೇಕಾದರೆ ವಿಮೆಯ ಹೊರಗೇ ಒಂದು ಉದಾಹರಣೆ ಇದೆ. ಹೃದಯಕ್ಕೆ ಹಾಕುವ ಔಷಧ ಲೇಪಿಸಿದ ಸ್ಟೆಂಟಿಗೆ ಒಂದು ಕಾಲದಲ್ಲಿ ಲಕ್ಷಕ್ಕಿಂತ ಮೇಲೆ ಬಿಲ್ಲು ಹಾಕುತ್ತಿದ್ದರು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 30 ಸಾವಿರದ ಆಸುಪಾಸಿನಲ್ಲಿ ಮಿತಿ ಹಾಕಿತು. ಅದೇ ವರ್ಷ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಮಿತಿ ಬಂತು. ಸಾಮಾನ್ಯವಾಗಿ ಬಳಸುವ ಬಗೆಗೆ 54,720 ರೂಪಾಯಿ. ಇದಕ್ಕೆ ಕಾರ್ಡು ಬೇಡ, ಅರ್ಜಿ ಬೇಡ, ಶ್ರೀಮಂತ ಬಡವ ಅನ್ನುವ ಭೇದವೂ ಇಲ್ಲ. ಮುದುಕರಿಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ಆದರೆ ಇದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

ಆದರೆ ದರ ತೀರಾ ಇಳಿಸಿದರೂ ಕಷ್ಟವೇ. ಪ್ಯಾಕೇಜ್ ಹಣ ಆಸ್ಪತ್ರೆಯ ನಿಜವಾದ ಖರ್ಚಿಗೆ ಸಾಲದಿದ್ದರೆ, ಅಥವಾ ಸರಕಾರ ತಿಂಗಳುಗಟ್ಟಲೆ ಬಾಕಿ ಇಟ್ಟರೆ, "ಬೆಡ್ ಖಾಲಿ ಇಲ್ಲ" ಅನ್ನುವ ಉತ್ತರ ಬರುತ್ತದೆ. ಕೇರಳದಲ್ಲಿ ಖಾಸಗಿ ಆಸ್ಪತ್ರೆಗಳ ಬಾಕಿಯ ಗಲಾಟೆ ನೀವು ಪೇಪರಿನಲ್ಲಿ ಓದಿರುತ್ತೀರಿ. ಆಯುಷ್ಮಾನ್ ಭಾರತವನ್ನೂ ಸೇರಿಸಿಕೊಂಡು ನಡೆಯುವ ಇಲ್ಲಿಯ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ, ಜನ ಕಾಸ್ಪ್ ಅನ್ನುವುದರಲ್ಲಿ, 40 ಲಕ್ಷಕ್ಕಿಂತ ಜಾಸ್ತಿ ಕುಟುಂಬಗಳಿವೆ. ಅವುಗಳಲ್ಲಿ ಒಂದು ಭಾಗಕ್ಕೆ ಮಾತ್ರ ಕೇಂದ್ರದ ಪಾಲು ಬರುತ್ತದೆ. ಉಳಿದದ್ದು ರಾಜ್ಯದ ತಲೆಮೇಲೆ. ಅದೂ ದೇಶದಲ್ಲೇ ಮುದುಕರ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ. 2021ಕ್ಕೆ ಮಾಡಿದ ಅಂದಾಜಿನಂತೆ ಕೇರಳದ ನೂರು ಜನರಲ್ಲಿ 16ಕ್ಕಿಂತ ಹೆಚ್ಚು ಮಂದಿ 60 ದಾಟಿದವರು.

ಈಗ ನಿಮ್ಮ ಮನೆಗೆ ಬರೋಣ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ವಯ ವಂದನ ಕಾರ್ಡು ಅಂತ ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಶುರು ಮಾಡಿತು. ಬಿಳಿ ಕಾರ್ಡು ಅಡ್ಡಿಯಲ್ಲ. ಖಾಸಗಿ ಪಾಲಿಸಿ ಇದ್ದರೂ ಅಡ್ಡಿಯಿಲ್ಲ. ಮೊದಲಿನಿಂದ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಒಂದು ಮಾತು ಮಾತ್ರ ಎಲ್ಲರೂ ತಪ್ಪು ತಿಳಿಯುತ್ತಾರೆ: ಈ 5 ಲಕ್ಷ ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ. ಅಪ್ಪ, ಅಮ್ಮ ಇಬ್ಬರಿಗೂ ಸೇರಿ ವರ್ಷಕ್ಕೆ 5 ಲಕ್ಷ.

ವಯಸ್ಸಿಗೆ ಆಧಾರ್ ಕಾರ್ಡೊಂದೇ ಸಾಕ್ಷಿ. ಹಾಗಾಗಿ ಮೊದಲು ಅದರಲ್ಲಿನ ಹುಟ್ಟಿದ ದಿನ ನೋಡಿ. ನಮ್ಮ ಕಡೆಯ ಹಿರಿಯರ ಆಧಾರಿನಲ್ಲಿ ವರ್ಷ ಹೆಚ್ಚುಕಡಿಮೆ ಇರುವುದು ಹೊಸದೇನಲ್ಲ. ಅಡಿಕೆ ಸುಲಿದು ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚು ಕೂರುವುದಿಲ್ಲ. ಆಗ ಮೊಬೈಲಿಗೆ ಬರುವ ಓಟಿಪಿ ಅಥವಾ ಮುಖದ ಫೋಟೋ ಮೂಲಕ ಮಾಡಿಸಬಹುದು. ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ. ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಫಾರಂ ಮಲಯಾಳದಲ್ಲಿ ಇದ್ದರೆ ಅಪ್ಪನನ್ನು ಒಬ್ಬರೇ ಕಳಿಸಬೇಡಿ, ಓದಿ ಹೇಳುವವರು ಜೊತೆಗಿರಲಿ. ಹೆಸರಿನ ಇನಿಶಿಯಲ್ ಆಧಾರಿನಲ್ಲಿ ಒಂದು, ಆಸ್ಪತ್ರೆಯ ಚೀಟಿಯಲ್ಲಿ ಇನ್ನೊಂದು ಆದರೆ ಮುಂದೆ ಕೌಂಟರಿನಲ್ಲಿ ಒದ್ದಾಟ.

ಕಾರ್ಡು ಕೈಗೆ ಬಂತು ಅಂತ ನಿಶ್ಚಿಂತೆಯಿಂದ ಇರಬೇಡಿ ಅಂತಲೂ ಹೇಳಬೇಕು. ಇದರ ಹಣದ ಪಾಲಿನ ಬಗ್ಗೆ ಕೇರಳಕ್ಕೂ ಕೇಂದ್ರಕ್ಕೂ ಜಗ್ಗಾಟ ಇದ್ದೇ ಇದೆ. ಎಲ್ಲ ರಾಜ್ಯಗಳೂ ಒಂದೇ ವೇಗದಲ್ಲಿ ಇದನ್ನು ಜಾರಿಗೆ ತಂದಿಲ್ಲ. ನಿಮಗೆ ಇನ್ನೊಂದು ತೊಡಕು, ಕೇರಳ-ಕರ್ನಾಟಕದ ಗಡಿಯಾದ ತಲಪಾಡಿ. ಕಾಸರಗೋಡಿನವರ ದೊಡ್ಡಾಸ್ಪತ್ರೆ ಅಂದರೆ ಮಂಗಳೂರು. ಆ ದಾರಿ ಮುಚ್ಚಿದರೆ ಏನಾಗುತ್ತದೆ ಅಂತ 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ನಾವೆಲ್ಲ ಕಂಡವರು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ, ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಕಾಗದದ ಮೇಲೆ ಆಯುಷ್ಮಾನ್ ಕಾರ್ಡು ದೇಶದಲ್ಲಿ ಎಲ್ಲಿಯೂ ನಡೆಯುತ್ತದೆ. ಆದರೆ ಆ ಆಸ್ಪತ್ರೆ ಯೋಜನೆಗೆ ಸೇರಿರಬೇಕು. ಬರೀ ಸೇರಿದರೆ ಸಾಲದು, ನಿಮಗೆ ಬೇಕಾದ ವಿಭಾಗಕ್ಕೇ ಸೇರಿರಬೇಕು. ಹೃದಯಕ್ಕೆ ಸೇರಿದ್ದು ಮೂಳೆಗೆ ಸೇರದೆ ಇರಬಹುದು. ಹಾಗಾಗಿ ಈಗಲೇ, ಎಲ್ಲರೂ ಆರೋಗ್ಯವಾಗಿರುವಾಗಲೇ, ನೀವು ಹೋಗುವ ಎರಡು ಮೂರು ಆಸ್ಪತ್ರೆಗಳ ಆಯುಷ್ಮಾನ್ ಕೌಂಟರಿಗೆ ಹೋಗಿ ಮೂರು ಮಾತು ಕೇಳಿ. ಕೇರಳದ ವಯ ವಂದನ ಕಾರ್ಡು ಇಲ್ಲಿ ಈಗ ನಡೆಯುತ್ತದಾ? ಯಾವ ಯಾವ ವಿಭಾಗಕ್ಕೆ? ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ? ಕರ್ನಾಟಕದ ಯೋಜನೆಯಲ್ಲಿ ತುರ್ತು ಅಲ್ಲದ ಬಹಳಷ್ಟು ಚಿಕಿತ್ಸೆಗೆ ರೆಫರಲ್ ಕೇಳುವ ಪದ್ಧತಿ ಇದೆ. ಅದಕ್ಕಾಗಿ ಈ ಮೂರನೆಯ ಪ್ರಶ್ನೆ. ಸಂಶಯ ಇದ್ದರೆ 14555ಕ್ಕೆ ಫೋನ್ ಮಾಡಿ. ಕೇರಳದ ಆರೋಗ್ಯ ಇಲಾಖೆಯ ದಿಶಾ ಸಹಾಯವಾಣಿ 1056.

ದಾಖಲಾಗುವಾಗಲೇ ಕಾರ್ಡು ತೋರಿಸಿ. ಮೊದಲು ಹಣ ಕಟ್ಟಿ, ಬಿಡುಗಡೆಯ ದಿನ ಕಾರ್ಡು ತೆಗೆದರೆ ಪ್ರಯೋಜನ ಇಲ್ಲ. ಇದು ಹಣ ವಾಪಸ್ ಕೊಡುವ ಯೋಜನೆ ಅಲ್ಲ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷಕ್ಕಿಂತ ಕಡಿಮೆ ಇದ್ದು, ಕಾಸ್ಪ್‌ನಲ್ಲಿ ನೀವು ಇಲ್ಲದಿದ್ದರೆ ಕಾರುಣ್ಯ ಬೆನವಲೆಂಟ್ ಫಂಡ್ ಅಂತ ಇನ್ನೊಂದು ದಾರಿ ಇದೆ. ಅದರಲ್ಲಿ 2 ಲಕ್ಷದವರೆಗೆ ಸಿಗುತ್ತದೆ. ವಿಚಾರಿಸಿ ನೋಡಿ.

ಇಷ್ಟೆಲ್ಲ ಸರಿಯಾದರೂ ಅಮ್ಮನ ಖರ್ಚಿನ ಒಂದು ದೊಡ್ಡ ಭಾಗ ಕಾರ್ಡಿನ ಹೊರಗೇ ಉಳಿಯುತ್ತದೆ. ನೀವು ಆಪರೇಶನ್ನಿನ ಬಿಲ್ಲು ಮಾತ್ರ ಬರೆದಿದ್ದೀರಿ. ಆಮೇಲಿನದ್ದು? ವಾಕರ್, ಕಮೋಡ್ ಕುರ್ಚಿ, ವಾರಕ್ಕೆ ಎರಡು ಮೂರು ಸಲ ಫಿಸಿಯೋಥೆರಪಿ, ಹೋಂ ನರ್ಸಿನ ತಿಂಗಳ ಸಂಬಳ, ಎಕ್ಸ್‌ರೇಗೆ ಮಂಗಳೂರಿಗೆ ಕಾರು ಬಾಡಿಗೆ. ಸೊಂಟದ ಮೂಳೆ ಮುರಿದವರು ಮತ್ತೆ ಸರಿಯಾಗಿ ನಡೆಯಲು ತಿಂಗಳುಗಳೇ ಬೇಕು. ಕಾರ್ಡು ನೋಡಿಕೊಳ್ಳುವುದು 15 ದಿನದ ಔಷಧ. ಇನ್ನು ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳು ಬದುಕಿರುವಷ್ಟು ದಿನವೂ ಬೇಕು. ಅವು ಹೊರರೋಗಿಯ ಖರ್ಚು. ಆಯುಷ್ಮಾನ್ ಅದಕ್ಕೆ ಕೈಹಾಕುವುದಿಲ್ಲ. ಮೆಡಿಕೇರಿನದ್ದೂ ಹೀಗೆಯೇ ಒಂದು ಕತೆ ಇದೆ, ತಂಗಿಯನ್ನು ಕೇಳಿ. ಮುದುಕರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ನರ್ಸಿಂಗ್ ಹೋಮಿನ ಖರ್ಚನ್ನು ಅದೂ ಕೊಡುವುದಿಲ್ಲ.

ಇಲ್ಲಿ ಜಪಾನಿನ ಅನುಭವ ನೆನಪಿಟ್ಟುಕೊಳ್ಳಬೇಕು. 1973ರಲ್ಲಿ ಅಲ್ಲಿ 70 ದಾಟಿದವರಿಗೆ ಚಿಕಿತ್ಸೆ ಉಚಿತ ಮಾಡಿದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮುದುಕರು ಆಸ್ಪತ್ರೆಯಲ್ಲೇ ಉಳಿಯತೊಡಗಿದರು. ಕಾಯಿಲೆಗಿಂತ ಆರೈಕೆಗಾಗಿ. ಹಣ ಸಾಲದೆ ಹತ್ತು ವರ್ಷದಲ್ಲಿ ಪೂರ್ತಿ ಉಚಿತ ಅನ್ನುವುದನ್ನು ಕೈಬಿಟ್ಟು, ರೋಗಿಯಿಂದಲೂ ಸ್ವಲ್ಪ ಹಣ ಪಡೆಯತೊಡಗಿದರು. 2000ದಲ್ಲಿ ಮನೆಯಲ್ಲೂ ಸಿಗುವ ಹಾಗೆ ಆರೈಕೆಗೇ ಬೇರೊಂದು ವಿಮೆ ತಂದರು. 40 ದಾಟಿದ ಎಲ್ಲರೂ ಅದಕ್ಕೆ ಕಂತು ಕಟ್ಟುತ್ತಾರೆ. ಆಸ್ಪತ್ರೆಗೆ ಮಾತ್ರ ಹಣ ಕೊಟ್ಟು ಮನೆಯನ್ನು ಮರೆತರೆ ಮುದುಕರು ಆಸ್ಪತ್ರೆಯಲ್ಲೇ ಮಲಗುತ್ತಾರೆ. ಅದು ಆರೈಕೆಗೆ ಅತಿ ದುಬಾರಿಯ ಜಾಗ.

ಈ ವಿಷಯದಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲ ಇದೆ, ನಾವು ಅದನ್ನು ಪೂರ್ತಿ ಬಳಸುವುದಿಲ್ಲ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು, ಕಷ್ಟ ತಗ್ಗಿಸುವ ಆರೈಕೆಗೆ, ನೀತಿ ಮಾಡಿದ ರಾಜ್ಯ. ಪಂಚಾಯತಿನ ಪಾಲಿಯೇಟಿವ್ ನರ್ಸು ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಗಾಯ ಕಟ್ಟುವುದು, ಮೂತ್ರದ ನಳಿಗೆ (ಕ್ಯಾತಿಟರ್) ಬದಲಿಸುವುದು ಅವರಿಗೆ ದಿನದ ಕೆಲಸ. ಕ್ಯಾನ್ಸರ್ ಇದ್ದರೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿದರೆ ಹೆಸರು ಬರೆಸುತ್ತಾರೆ. ಒಂದು ಕ್ಯಾತಿಟರಿಗಾಗಿ ಆಂಬುಲೆನ್ಸ್ ಮಾಡಿ ಮಂಗಳೂರಿಗೆ ಹೋಗುವ ಮನೆಗಳನ್ನು ಕಂಡಾಗ ಬೇಸರವಾಗುತ್ತದೆ.

ತಿಂಗಳ ಮಾತ್ರೆಗೆ ಮೊದಲು ಕುಟುಂಬಾರೋಗ್ಯ ಕೇಂದ್ರ ನೋಡಿ. ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತ. ಅಲ್ಲಿ ಸಿಗದ್ದಕ್ಕೆ ಜನೌಷಧಿ ಅಥವಾ ಕಾರುಣ್ಯ ಫಾರ್ಮಸಿ. ಜನೌಷಧಿಯಲ್ಲಿ ದರ ಬ್ರಾಂಡ್ ಮಾತ್ರೆಗಿಂತ ಅರ್ಧಕ್ಕೂ ಕಡಿಮೆ ಇರುವುದು ಸಾಮಾನ್ಯ. ಡಾಕ್ಟರಲ್ಲಿ ಮಾತ್ರೆಯ ಮೂಲ ಹೆಸರು ಬರೆದುಕೊಡಲು ಹೇಳಿ, ಸಂಕೋಚ ಬೇಡ. ಅಪ್ಪನ ಬಿಪಿ ಹಿಡಿತದಲ್ಲಿದ್ದರೆ ತಪ್ಪುವ ಒಂದು ಪಾರ್ಶ್ವವಾಯುವಿನ ಖರ್ಚಿಗೆ ಈ ಮಾತ್ರೆಗಳ ಖರ್ಚು ಹೋಲಿಸಿ ನೋಡಿ. ಅಂದ ಹಾಗೆ, ಅಂಗಳದ ಪಾಚಿ ತಿಕ್ಕಿಸಿದಿರಾ? ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಜಾಸ್ತಿ. ಬಚ್ಚಲಿಗೆ ಹಿಡಿಕೆ, ರಾತ್ರಿ ಅಲ್ಲೊಂದು ಸಣ್ಣ ದೀಪ ಬೇಕೇ ಬೇಕು.

ಕೊನೆಗೆ ಪಾಲಿಸಿ. ಅಪ್ಪನ ಪ್ರೀಮಿಯಂ ಯಾಕೆ ಏರುತ್ತದೆ ಅಂದರೆ ಖಾಸಗಿ ಕಂಪನಿ ವಯಸ್ಸು ನೋಡಿ ದರ ಹಾಕುತ್ತದೆ. ಕೇರಳದ ನಿವೃತ್ತ ಮೇಷ್ಟ್ರುಗಳನ್ನು ಕೇಳಿ, ರಾಜ್ಯದ ನೌಕರರಿಗೂ ಪಿಂಚಣಿದಾರರಿಗೂ ಇರುವ ವಿಮೆ ಮೆಡಿಸೆಪ್ 2022ರ ಜುಲೈಯಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ. 25ರ ನೌಕರನಿಗೂ 75ರ ಪಿಂಚಣಿದಾರನಿಗೂ ಒಂದೇ ಕಂತು. ಎಳೆಯರು ಮುದುಕರ ಭಾರ ಹೊರುತ್ತಾರೆ. ಅಲ್ಲಿಯೂ ಅಷ್ಟು ಕಂತು ಸಾಲದೆ, ಮುಂದಿನ ಹಂತಕ್ಕೆ ಕಂತು ಮತ್ತು ರಕ್ಷಣೆ ಎರಡನ್ನೂ ಏರಿಸುವ ತೀರ್ಮಾನ ಬಂತು ಅನ್ನಿ.

ನನ್ನ ಸಲಹೆ, ಈ ವರ್ಷ ಪಾಲಿಸಿ ಬಿಡಬೇಡಿ. ವಯ ವಂದನ ಕಾರ್ಡು ನಿಮ್ಮ ಆಸ್ಪತ್ರೆಯಲ್ಲಿ ನಡೆಯುತ್ತದೆ ಅಂತ ಖಾತ್ರಿಯಾಗುವ ತನಕ ಅದು ಇರಲಿ. ಬಿಟ್ಟ ಮೇಲೆ ಹೊಸದು ಬೇಕು ಅಂದರೆ 2024ರ ನಿಯಮದಂತೆ ವಯಸ್ಸಿನ ಕಾರಣಕ್ಕೆ ಬಾಗಿಲು ಮುಚ್ಚುವ ಹಾಗಿಲ್ಲ. ಆದರೆ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. 78ರಲ್ಲಿ ಮೂರು ವರ್ಷ ಸಣ್ಣದಲ್ಲ. ಹಳೆಯ ಪಾಲಿಸಿ ಸತತ 60 ತಿಂಗಳು ದಾಟಿದ್ದರೆ, ಮೋಸ ಸಾಬೀತಾಗದ ಹೊರತು, "ಮೊದಲೇ ಈ ಕಾಯಿಲೆ ಹೇಳಿರಲಿಲ್ಲ" ಅಂತ ಕಂಪನಿ ಕ್ಲೇಮು ತಳ್ಳುವಂತಿಲ್ಲ. ಆ ಹಕ್ಕನ್ನು ಸುಮ್ನೆ ಕಳೆದುಕೊಳ್ಳಬೇಡಿ.

ಆದರೆ ಕೇಳಿದಷ್ಟು ಕಟ್ಟಬೇಕು ಅಂತಲೂ ಇಲ್ಲ. 2025ರ ಜನವರಿಯಿಂದ, ವಿಮಾ ನಿಯಂತ್ರಕರ ಜೊತೆ ಮಾತಾಡದೆ ಹಿರಿಯರ ಪ್ರೀಮಿಯಂ ವರ್ಷಕ್ಕೆ ನೂರಕ್ಕೆ 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಮೊದಲು ನೂರಕ್ಕೆ 18 ಇತ್ತು. ಈ ಎರಡನ್ನೂ ಹೋದ ವರ್ಷದ ರಶೀದಿಯ ಜೊತೆ ತಾಳೆ ಹಾಕಿ. ಮೊದಲ 50 ಸಾವಿರವೋ ಒಂದು ಲಕ್ಷವೋ ನಾವೇ ಹಾಕಿಕೊಳ್ಳುತ್ತೇವೆ, ಅದರ ಮೇಲಿನದ್ದಕ್ಕೆ ಮಾತ್ರ ವಿಮೆ ಸಾಕು ಅಂತ ಬದಲಿಸಿದರೆ ಪ್ರೀಮಿಯಂ ಎಷ್ಟು ಇಳಿಯುತ್ತದೆ ಅಂತ ಏಜೆಂಟರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ರಿನ್ಯೂವಲ್ ದಿನಕ್ಕೆ ಒಂದು ತಿಂಗಳು ಮುಂಚೆಯೇ ಕೇಳಿ. ದಿನ ತಪ್ಪಿದರೆ 30 ದಿನದ ವಿನಾಯಿತಿ ಇದೆ ನಿಜ, ಆದರೆ ಹಣ ಕಟ್ಟದ ಆ ನಡುವಿನ ದಿನಗಳಲ್ಲಿ ಅಪ್ಪ ಆಸ್ಪತ್ರೆ ಸೇರಿದರೆ ಕ್ಲೇಮು ಸಿಗುವುದಿಲ್ಲ.